ಚುಕ್ಕಿ ನಾಣ್ಯದ ಗಿರಾಕಿ

ಹಳೇ ಸೋಫಾದೊಳಗೆ ಏನೇನು ಸಿಗುತ್ತದೆ ಎಂಬುದನ್ನು ಸೋಫಾ ರಿಪೇರಿಯವರನ್ನೇ ಕೇಳಬೇಕು. ಬಾಚಣಿಗೆ, ಪೆನ್ನಿನ ಮುಚ್ಚಳ, ಒಂಟಿ ಓಲೆ, ಯಾರೋ ನುಂಗದೆ ಬಚ್ಚಿಟ್ಟ ಮಾತ್ರೆ. ಎಲ್ಲಕ್ಕಿಂತ ಹೆಚ್ಚು ಸಿಗುವುದು ಚಿಲ್ಲರೆ. ಕೂತವರ ಜೇಬಿನಿಂದ ಜಾರಿ, ಸಂದಿಗೆ ಇಳಿದು, ಸ್ಪ್ರಿಂಗಿನ ಕೆಳಗೆ ವರ್ಷಗಟ್ಟಲೆ ಮಲಗಿದ ನಾಣ್ಯಗಳು. ಅದೇ ರಿಪೇರಿ ಕಸುಬಿನ ಈ ಮನೆಯವರು ಸಿಕ್ಕಿದ್ದನ್ನೆಲ್ಲ ಮೊದಲು ಸೋಫಾದ ಯಜಮಾನರಿಗೆ ತೋರಿಸುತ್ತಾರೆ. ಓಲೆ ಎಂದರೆ ಯಜಮಾನರು ಓಡಿ ಬರುತ್ತಾರೆ. ಚಿಲ್ಲರೆ ಎಂದರೆ, "ನೀವೇ ಇಟ್ಕೊಳ್ಳಿ, ನಮಗೇನು" ಎನ್ನುತ್ತಾರೆ. ಹಾಗೆ ಇಟ್ಟುಕೊಂಡು ಇಟ್ಟುಕೊಂಡು ಅಂಟಿನ ಖಾಲಿ ಡಬ್ಬವೊಂದು ತುಂಬಿತ್ತು.

ಅದರಲ್ಲಿ ಚಲಾವಣೆ ನಿಂತುಹೋದ ಹಳೆಯ ನಾಣ್ಯಗಳೂ ಇದ್ದವು. ಅವನ್ನು ಫೋನಿನಲ್ಲಿ ಮಾರಬಹುದು ಎಂದು ಕಂಡುಕೊಂಡವಳು ಸೊಸೆ. ಸೋಫಾದ ಕವರ್ ಹೊಲಿಯುವುದು ಅವಳ ಕೆಲಸ. ಮರ, ಸ್ಪ್ರಿಂಗು, ಮೊಳೆ ಗಂಡನದು. ಅತ್ತೆ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತು ಹಳೇ ಬಟ್ಟೆಯಿಂದ ಪಿನ್ನು ಕೀಳುತ್ತಾರೆ. ಕೈ ಖಾಲಿಯಿದ್ದಾಗ ಎಲ್ಲರ ಮಾತಿನಲ್ಲೂ ತಪ್ಪು ಕೀಳುತ್ತಾರೆ.

ನಾಣ್ಯದ ಫೋಟೊ ಹಾಕುವುದು ಸುಲಭ. ಗಿರಾಕಿಗಳನ್ನು ಸುಧಾರಿಸುವುದೇ ತಲೆನೋವು. ಒಬ್ಬ ಕೇಳುತ್ತಾನೆ, "ಆಯಸ್ಕಾಂತಕ್ಕೆ ಅಂಟತ್ತಾ? ಅಂಟದಿದ್ರೆ ನಕಲಿ." ಇನ್ನೊಬ್ಬ ಅದೇ ನಾಣ್ಯಕ್ಕೆ ಕೇಳುತ್ತಾನೆ, "ಆಯಸ್ಕಾಂತಕ್ಕೆ ಅಂಟತ್ತಾ? ಅಂಟಿದ್ರೆ ನಕಲಿ." ಮತ್ತೊಬ್ಬನಿಗೆ ಈ ನಾಣ್ಯ ಮನೆಯಲ್ಲಿಟ್ಟರೆ ಅದೃಷ್ಟ ಖುಲಾಯಿಸುತ್ತದೆಯೇ ಎಂದು ತಿಳಿಯಬೇಕಿತ್ತು.

"ಖುಲಾಯಿಸೋ ಹಾಗಿದ್ರೆ ನಾವ್ಯಾಕೆ ಮಾರ್ತೀವಿ ಅಂತ ಬರಿಯೇ" ಎಂದರು ಅತ್ತೆ. ಸೊಸೆ ಹಾಗೆಯೇ ಬರೆದಳು. ಆ ಗಿರಾಕಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಒಂದು ದಿನ ಒಬ್ಬ, "ತಾಮ್ರದ ನಾಣ್ಯ ಕಪ್ಪಗಿದೆ, ಹೊಳೆಯೋ ಹಾಗೆ ಮಾಡಿ ಕಳಿಸಿ" ಎಂದ. ಗಂಡನಿಗೆ ಇದು ನ್ಯಾಯವಾಗಿಯೇ ಕಂಡಿತು. ಹಳೆಯದನ್ನು ಹೊಸದು ಮಾಡುವುದೇ ಅವನ ಕಸುಬು. ಸೋಫಾದ ಅಂಚಿಗೆ ಹೊಡೆಯುವ ಹಿತ್ತಾಳೆ ಮೊಳೆಗೆ ಹೊಳಪು ಕೊಡುವ ಪೇಸ್ಟ್ ತೆಗೆದು ನಾಣ್ಯವನ್ನು ತಿಕ್ಕಿಯೇ ತಿಕ್ಕಿದ. ಅದು ಅಂಗಿಯ ಹೊಸ ಗುಂಡಿಯಂತೆ ಮಿಂಚಿತು. ಹುರುಪು ಬಂದು ಡಬ್ಬದಲ್ಲಿದ್ದ ಇನ್ನಷ್ಟು ತಾಮ್ರದ ನಾಣ್ಯಗಳನ್ನೂ ತಿಕ್ಕಿಟ್ಟ.

ನಾಣ್ಯ ಹೋಯಿತು, ತಿರುಗಿ ಬಂತು. ಜೊತೆಗೆ ಆ್ಯಪಿನಲ್ಲಿ ಒಂದೇ ಒಂದು ಸ್ಟಾರ್, ಅದರ ಕೆಳಗೆ ಎಲ್ಲರಿಗೂ ಕಾಣುವಂತೆ ಬರಹ: ಉಜ್ಜಿ ಹಾಳು ಮಾಡಿದ ನಾಣ್ಯ, ಮೋಸಗಾರರು, ಯಾರೂ ಕೊಳ್ಳಬೇಡಿ. ತಿಕ್ಕಲು ಹೇಳಿದವನೂ ಅವನೇ, ಉಗಿದವನೂ ಅವನೇ. ಗಂಡ ಅವತ್ತು ಬೆಳಗಿನ ತಿಂಡಿಯನ್ನೇ ಮುಟ್ಟಲಿಲ್ಲ.

ಸೊಸೆ ಆ ನಾಣ್ಯ ಹಿಡಿದುಕೊಂಡು ನಾಣ್ಯದಕ್ಕನ ಹತ್ತಿರ ಹೋದಳು. ಫೋಟೊ ಸ್ಟುಡಿಯೊದ ಮೆಟ್ಟಿಲ ಕೆಳಗೆ ಹಳೆಯ ನಾಣ್ಯ, ಅಂಚೆಚೀಟಿ ಮಾರುವ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಅದು. ಆಕೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು.

"ಯಾರಮ್ಮ ಇದರ ಚರ್ಮ ಸುಲಿದಿದ್ದು?"

"ನಮ್ಮನೆಯವರು. ಗಿರಾಕಿ ಹೇಳಿದ ಅಂತ."

"ಗಿರಾಕಿಗೆ ಗೊತ್ತಿಲ್ಲದೆ ಹೇಳ್ತಾನೆ. ನೀವು ಮಾಡಿಬಿಡೋದಾ? ಈ ಕಪ್ಪು ಕೊಳೆ ಅಲ್ಲ ಕಣಮ್ಮ, ನಾಣ್ಯದ ವಯಸ್ಸು. ಸಂಗ್ರಹ ಮಾಡೋರು ಅದಕ್ಕೇ ಬೆಲೆ ಕೊಡೋದು. ಉಜ್ಜಿದ್ರೆ ಸಣ್ಣ ಗೀರು ಬೀಳತ್ತೆ, ಆಮೇಲೆ ಏನು ಮಾಡಿದ್ರೂ ವಾಪಸ್ ಬರಲ್ಲ."

"ಹಾಗಾದ್ರೆ ಆ ಬೈಗುಳಕ್ಕೆ ಏನಂತ ಬರೀಲಿ? ನನಗೆ ಬರೋದೆಲ್ಲ ಬರೆಯೋ ಹಾಗಿರೋದಲ್ಲ."

"ನಾವೇ ಉಜ್ಜಿದ್ದು, ಗೊತ್ತಿರಲಿಲ್ಲ, ದುಡ್ಡು ವಾಪಸ್ ಕೊಟ್ಟಿದ್ದೀವಿ ಅಂತ ಬರಿ. ದುಡ್ಡು ಕೊಟ್ಟ ಮೇಲೆ ಬರಿ ಮತ್ತೆ. ಓದೋರು ಅದನ್ನೂ ನೋಡ್ತಾರೆ. ಉಳಿದಿದ್ದನ್ನ ಮುಟ್ಟಬೇಡಿ. ಮಧ್ಯಾಹ್ನ ನಾನೇ ಬಂದು ನೋಡ್ತೀನಿ."

ಮಧ್ಯಾಹ್ನ ನಾಣ್ಯದಕ್ಕ ಬಂದಾಗ ಸ್ಪ್ರಿಂಗು ಬಿಟ್ಟರೆ ಮೈಮೇಲೆ ಏನೂ ಇಲ್ಲದ ಸೋಫಾ ಒಂದೇ ಕೂರುವ ಜಾಗವಾಗಿತ್ತು. ಅದರ ಮೇಲೊಂದು ಹಲಗೆ ಹಾಕಿ ಕೂರಿಸಿದರು. ಗಂಡ ಎದುರಿನ ಕುರ್ಚಿಗೆ ಸುತ್ತಿಗೆಯಿಂದ ಮೊಳೆ ಹೊಡೆಯುತ್ತಿದ್ದ. ಪಿನ್ನು ಹೊಡೆಯುವ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಸುಟ್ಟುಹೋಗಿ ಮೂಲೆ ಸೇರಿತ್ತು. ಹೊಸದನ್ನು ತರಲು ಕೈಯಲ್ಲಿ ಕಾಸಿರಲಿಲ್ಲ. ಕೈಯಿಂದಲೇ ಹೊಡೆದು ಹೊಡೆದು ಅವನ ಮಣಿಕಟ್ಟು ಊದಿಕೊಂಡಿತ್ತು. ಅದಕ್ಕೆ ಸೋಫಾ ಬಿಗಿಯುವ ಪಟ್ಟಿಯನ್ನೇ ಸುತ್ತಿಕೊಂಡಿದ್ದ.

ಆಕೆ ಡಬ್ಬ ಸುರಿದು ಬೇರೆ ಬೇರೆ ಮಾಡುತ್ತಿದ್ದಾಗ ಫೋನ್ ಬಂತು. ಗಂಡ ಎತ್ತಿ ಸ್ಪೀಕರ್ ಹಾಕಿದ.

"ನಾಣ್ಯದವರಾ? ನೀವು ರಾಶಿ ಹಾಕಿ ಫೋಟೊ ತೆಗೆದಿದ್ದೀರಲ್ಲ, ಅದರಲ್ಲಿ ಎಡಗಡೆ ಮೂಲೆಲಿ ಒಂದಿದೆ. ಇಸವಿ ಕೆಳಗೆ ಚುಕ್ಕಿ ಇರೋದು. ನನಗೆ ಅದೊಂದೇ ಸಾಕು. ಯಾರಿಗೂ ಕೊಡಬೇಡಿ. ಸಂಜೆ ಒಳಗೆ ದುಡ್ಡು ಹಾಕ್ತೀನಿ."

ಅವನು ಹೇಳಿದ ಬೆಲೆ ಕೇಳಿ ಅತ್ತೆಯ ಕೈಯಲ್ಲಿದ್ದ ಪಿನ್ನು ಕೆಳಗೆ ಬಿತ್ತು. ಆ ಬೆಲೆಗೆ ಹೊಸ ಕಂಪ್ರೆಸರ್ ಬಂದು ಮೇಲೊಂದಿಷ್ಟು ಉಳಿಯುತ್ತಿತ್ತು. ಗಂಡ, "ಐದು ನಿಮಿಷ ಬಿಟ್ಟು ಹೇಳ್ತೀನಿ" ಎಂದು ಫೋನಿಟ್ಟು ರಾಶಿಗೆ ಕೈ ಹಾಕಿದ. ನಾಣ್ಯ ಸಿಕ್ಕಿತು. ಇಸವಿಯ ಕೆಳಗೆ ಸಾಸಿವೆ ಕಾಳಿನಷ್ಟು ಚುಕ್ಕಿ.

"ಇದಾ?" ಎಂದಳು ನಾಣ್ಯದಕ್ಕ. ಭೂತಗನ್ನಡಿಯನ್ನೂ ಹಿಡಿಯಲಿಲ್ಲ. "ಇದು ಇವತ್ತೂ ಓಡೋ ನಾಣ್ಯ. ಅಂಗಡಿಗೆ ಕೊಟ್ಟರೆ ಎಷ್ಟು ಅಂತ ಬರೆದಿದೆಯೋ ಅಷ್ಟೇ. ಆ ಚುಕ್ಕಿ ಯಾವ ಟಂಕಸಾಲೆಲಿ ಅಚ್ಚಾಯ್ತು ಅನ್ನೋ ಗುರುತು. ನಿನ್ನ ಮೊಳೆ ಡಬ್ಬದ ಮೇಲೆ ಕಂಪನಿ ಗುರುತು ಇರಲ್ವಾ, ಹಾಗೆ. ಯಾವುದೋ ಒಂದೊಂದು ವರ್ಷದ್ದು ಸಿಗೋದು ಕಷ್ಟ, ಅದು ಬೇರೆ ಮಾತು. ಇದು ಅಂಥದ್ದಲ್ಲ. ಯಾರೋ ವಿಡಿಯೊ ಬಿಟ್ಟಿದ್ದಾರೆ, ಚುಕ್ಕಿ ಇದ್ರೆ ಲಕ್ಷ ಲಕ್ಷ ಅಂತ. ನನ್ನ ಅಂಗಡಿಗೂ ದಿನಾ ಬಂದು ತಲೆ ತಿಂತಾರೆ."

ಗಂಡ ಮಣಿಕಟ್ಟು ನೀವಿಕೊಂಡ. "ಅಕ್ಕ, ಕೇಳ್ತಿರೋದು ಅವನು. ಲಕ್ಷ ಬಾಳತ್ತೆ ಅಂತ ನಾನು ಹೇಳಿದ್ನಾ? ಹಸಿರು ಗೋಡೆ ಮನೆಗೆ ಕೆಂಪು ಬಟ್ಟೆ ಸೋಫಾ ಮಾಡಿಕೊಡು ಅಂತಾರೆ, ಮಾಡ್ತೀನಿ. ಅವರ ಕಣ್ಣು, ಅವರ ದುಡ್ಡು."

"ಕೆಂಪು ಬಟ್ಟೆ ಹಾಕಿದ್ರೂ ಅವರಿಗೆ ಕೂರೋಕೆ ಸೋಫಾ ಉಳಿಯತ್ತೆ ರೀ. ಇದ್ರಲ್ಲಿ ಇವನಿಗೇನು ಉಳಿಯತ್ತೆ?" ಎಂದಳು ಹೆಂಡತಿ.

"ನಾವು ಕೊಡದಿದ್ರೆ ಇನ್ನೊಬ್ಬ ಕೊಡ್ತಾನೆ."

"ಮೋಸಗಾರ ಅಂತ ಬರೆದ್ರು ಅಂತ ಬೆಳಿಗ್ಗೆ ತಿಂಡಿ ಬಿಟ್ಟೆ" ಎಂದರು ಅತ್ತೆ, ತಲೆಯೆತ್ತದೆ. "ಮಧ್ಯಾಹ್ನ ಅದನ್ನೇ ನಿಜ ಮಾಡೋಕೆ ಹೊರಟೆಯಾ?"

ಗಂಡ ಸುತ್ತಿಗೆ ಎತ್ತಿಕೊಂಡ, ಹೊಡೆಯಲಿಲ್ಲ. "ಈ ಕೈ ನೋಯ್ತಿರೋದು ನನಗೆ, ನಿಮಗಲ್ಲ" ಎಂದ. ಅವನ ಕೈ ನಿಜವಾಗಿಯೂ ನೋಯುತ್ತಿತ್ತು.

ಹೆಂಡತಿ ಫೋನ್ ತೆಗೆದುಕೊಂಡಳು. "ಯಾಕೆ ಬೇಕು ಅಂತ ಒಂದು ಮಾತು ಕೇಳ್ತೀನಿ. ಆಮೇಲೆ ಕೊಡೋದು ಬಿಡೋದು ನಿಮ್ಮಿಷ್ಟ."

ಸ್ಪೀಕರ್ ಹಾಕಿಯೇ ಫೋನ್ ಮಾಡಿದಳು, ಗಿರಾಕಿ ಮೊದಲ ರಿಂಗಿಗೇ ಎತ್ತಿದ.

"ಅಣ್ಣ, ಬೇಜಾರು ಮಾಡ್ಕೋಬೇಡಿ. ಈ ನಾಣ್ಯ ನಿಮಗೆ ಯಾಕೆ?"

ಅವನಿಗೆ ಹೇಳಿಕೊಳ್ಳಲು ಯಾರಾದರೂ ಬೇಕಾಗಿತ್ತೇನೋ, ಎಲ್ಲವನ್ನೂ ಹೇಳಿದ. ಒಂದು ಫ್ಯಾಕ್ಟರಿಯ ಎದುರು ಸಣ್ಣ ಕ್ಯಾಂಟೀನ್ ನಡೆಸುತ್ತಾನೆ. ವಿಡಿಯೊದಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದಾನೆ. ಅವರು ಚುಕ್ಕಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರಂತೆ. ಹೆಸರು ನೋಂದಾಯಿಸಲು ದುಡ್ಡು ಕೇಳಿದರು, ಕಟ್ಟಿದ್ದಾನೆ. ಇವತ್ತೇ ಕೊನೆಯ ದಿನವಂತೆ. ಊಟದ ಡಬ್ಬ ಹಂಚಲು ಇಟ್ಟುಕೊಂಡ ಬೈಕನ್ನು ಮಾರಿ ಈ ನಾಣ್ಯ ಕೊಳ್ಳುತ್ತಾನಂತೆ.

"ಅದೆಲ್ಲ ಸುಳ್ಳು ಅಣ್ಣ. ಇದು ಮಾಮೂಲಿ ನಾಣ್ಯ. ನಿಮ್ಮನ್ನ ಯಾಮಾರಿಸ್ತಿದ್ದಾರೆ."

ಆಚೆಯ ಧ್ವನಿ ಒಮ್ಮೆಲೇ ಗಡುಸಾಯಿತು. "ಓಹೋ. ವಿಡಿಯೊ ನೀವೂ ನೋಡಿದ್ದೀರ ಅನ್ನಿ. ನೀವೇ ಹೋಗಿ ಮಾರ್ಕೊಳ್ಳೋ ಲೆಕ್ಕ. ಮೊದಲೇ ನಿಮ್ಮ ಬಗ್ಗೆ ಮೋಸಗಾರರು ಅಂತ ಬರೆದಿರೋದು ನೋಡಿದ್ದೆ ನಾನು. ಹೊಟ್ಟೆಪಾಡಿನವನ ಬಾಯಿಗೆ ಮಣ್ಣು ಹಾಕಬೇಡಿ."

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಒಳ್ಳೆಯದು ಹೇಳಲು ಹೋದರೆ ಕಳ್ಳಿಯ ಪಟ್ಟ. ನಾಲಿಗೆಯ ತುದಿಗೆ ಬಂದದ್ದನ್ನು ಉಗುಳಿ ಫೋನಿಡುವುದರಲ್ಲಿದ್ದಳು. ನಾಣ್ಯದಕ್ಕ ಅವಳ ಮೊಣಕೈ ಹಿಡಿದು ಮೆಲ್ಲಗೆ ಹೇಳಿದಳು: "ವಾದ ಬೇಡ. ನಿನ್ನ ಮಾತು ಅವನು ನಂಬಲ್ಲ. ಅವನ ಗಲ್ಲಾಪೆಟ್ಟಿಗೇನ ನಂಬ್ತಾನೆ."

ಸೊಸೆ ಬೈಗುಳ ನುಂಗಿಕೊಂಡಳು.

"ಸರಿ ಅಣ್ಣ. ನನ್ನ ಮಾತು ನಂಬಬೇಡಿ. ಈಗ ಕ್ಯಾಂಟೀನಲ್ಲೇ ಇದ್ದೀರಾ?"

"ಇದ್ದೀನಿ. ಅದಕ್ಕೇನೀಗ?"

"ಗಲ್ಲಾದ ಚಿಲ್ಲರೆ ಎಲ್ಲ ಮೇಜಿನ ಮೇಲೆ ಸುರೀರಿ. ಇಸವಿ ಕೆಳಗೆ ನೋಡಿ. ನಾನು ಕಾಯ್ತೀನಿ."

ಏನೋ ಗೊಣಗಿದ. ಆಮೇಲೆ ಚಿಲ್ಲರೆ ಸುರಿದ ಸದ್ದು ಬಂತು. ಹಿಂದಿನಿಂದ ಯಾರೋ ಟೀ ಕೇಳಿದರು, ಅವನು ಓಗೊಡಲಿಲ್ಲ. ಈ ಕಡೆ ನಾಲ್ವರೂ ಫೋನಿನ ಸುತ್ತ ಬಗ್ಗಿದ್ದರು.

"ಇಲ್ಲೊಂದಿದೆ" ಎಂದ ಅವನು. ಸ್ವಲ್ಪ ಹೊತ್ತು ಬಿಟ್ಟು, "ಇದರಲ್ಲೂ ಇದೆ." ಮತ್ತೆ ನಾಣ್ಯ ಸರಿಸುವ ಸದ್ದು. "ಇದರಲ್ಲೂ."

ನಾಣ್ಯ ಸರಿಸುವ ಸದ್ದು ನಿಂತಿತು.

"ಅವರ ಲೆಕ್ಕದಲ್ಲಿ ನಾನು ಈ ಕ್ಯಾಂಟೀನಿಗಲ್ಲ, ಎದುರುಗಡೆ ಫ್ಯಾಕ್ಟರಿಗೇ ಯಜಮಾನ ಆಗಬೇಕಿತ್ತಲ್ಲ" ಎಂದ. ನಗಲು ನೋಡಿದ, ಆಗಲಿಲ್ಲ. "ಬೆಳಿಗ್ಗೆಯಿಂದ ಇದೇ ಕೈಯಲ್ಲಿ ಚಿಲ್ಲರೆ ಎಣಿಸಿ ಕೊಡ್ತಿದ್ದೀನಿ. ನೋಡಲೇ ಇಲ್ಲ."

"ಯಾರು ನೋಡ್ತಾರೆ ಅಣ್ಣ. ನಾವೂ ನೋಡಿರಲಿಲ್ಲ."

"ಬೈಕ್ ತಗೊಳ್ಳೋನು ಬಂದು ಹೊರಗೆ ನಿಂತಿದ್ದಾನೆ."

ಆಗ ಗಂಡ ಬಗ್ಗಿ ಫೋನಿಗೆ ಬಾಯಿ ಹತ್ತಿರ ತಂದ. "ಅವನನ್ನ ವಾಪಸ್ ಕಳಿಸಿಬಿಡಿ ಗುರುವೇ" ಎಂದ. "ಬೈಕ್ ಮಾರಿದ್ರೆ ಡಬ್ಬ ಹೊರೋಕೆ ಆಮೇಲೆ ನಿಮ್ಮ ತಲೇನೇ ಗತಿ. ಇಷ್ಟಾದ್ರೂ ಚುಕ್ಕಿ ನಾಣ್ಯ ಬೇಕಂದ್ರೆ ಬನ್ನಿ, ಸುಮ್ಮನೆ ಕೊಡ್ತೀನಿ, ಟೀ ಕುಡೀರಿ."

ಆಚೆ ಕಡೆ ಫೋನ್ ಮೇಜಿನ ಮೇಲಿಟ್ಟ ಸದ್ದು. ದೂರದಿಂದ ಅವನ ಧ್ವನಿ ಕೇಳಿಸಿತು: "ಇಲ್ಲಪ್ಪ, ಮಾರಲ್ಲ. ಹೋಗು."

ತಿರುಗಿ ಬಂದು ಅವನು ಒಂದೇ ಪ್ರಶ್ನೆ ಕೇಳಿದ. ಆಗಲೇ ಕಟ್ಟಿದ ದುಡ್ಡು ವಾಪಸ್ ಬರುತ್ತದೆಯೇ. ಸೊಸೆ ಸುಳ್ಳು ಸಮಾಧಾನ ಹೇಳಲಿಲ್ಲ. "ಗೊತ್ತಿಲ್ಲ ಅಣ್ಣ. ಇವತ್ತೇ ಬ್ಯಾಂಕಿಗೆ ತಿಳಿಸಿ, ಸೈಬರ್ ಪೊಲೀಸರಿಗೆ ದೂರು ಕೊಡಿ. ಎಷ್ಟು ಬೇಗ ಹೋದ್ರೆ ಅಷ್ಟು ಒಳ್ಳೇದು. ಅವರು ಮತ್ತೆ ಫೋನ್ ಮಾಡಿ ಇನ್ನಷ್ಟು ಕಟ್ಟು ಅಂತಾರೆ. ಕಟ್ಟಬೇಡಿ." ಅವನು ಸರಿ ಎಂದ. ಥ್ಯಾಂಕ್ಸ್ ಗೀಂಕ್ಸ್ ಹೇಳದೆ ಫೋನಿಟ್ಟ. ದುಡ್ಡು ಕಳೆದುಕೊಂಡವನಿಗೆ ಆ ಹೊತ್ತಿನಲ್ಲಿ ಅದೆಲ್ಲ ಹೊಳೆಯುವುದಿಲ್ಲ.

ಗಂಡ ನಾಣ್ಯದ ರಾಶಿಯ ಫೋಟೊವನ್ನು ಆ್ಯಪಿನಿಂದ ತೆಗೆಯಲು ಹೇಳಿದ. ಒಂದೊಂದು ನಾಣ್ಯಕ್ಕೂ ಎರಡೂ ಬದಿಯ ಫೋಟೊ ಬೇರೆ ಬೇರೆ ತೆಗೆಯಲು ಕಿಟಕಿಯ ಬೆಳಕಿಗೆ ತಾನೇ ಹಲಗೆ ಸರಿಸಿದ. ಉಜ್ಜಿದ್ದನ್ನು ಉಜ್ಜಿದ್ದು ಎಂದೇ ಬರೆಯಲು ಹೇಳಿದ. ಅದು ಅವನ ಬಾಯಿಂದ ಬರಲು ಸ್ವಲ್ಪ ಹೊತ್ತು ಹಿಡಿಯಿತು. ನಂತರ ಕುರ್ಚಿಯ ಕಡೆ ತಿರುಗಿ ಎಡಗೈಯಲ್ಲಿ ಸುತ್ತಿಗೆ ಹಿಡಿದ. ಮೊದಲ ಮೊಳೆಯೇ ಸೊಟ್ಟಗಾಯಿತು.

ಓದುತ್ತಿರುವ ಅಕ್ಕ, ಅಣ್ಣ, ಇದು ನಿಮಗೆ. ಆ ವಿಡಿಯೊ ಮಾಡುವವರಿಗೆ ಕ್ಯಾಂಟೀನಿನವನ ಬೈಕೂ ಗೊತ್ತಿಲ್ಲ, ಅವನ ಬೆವರೂ ಗೊತ್ತಿಲ್ಲ. ಬಡವನ ಆಸೆಯೇ ಅವರ ಬಂಡವಾಳ. ನಿಜವಾಗಿ ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡುತ್ತಾನೆ. ನೋಂದಣಿ, ತೆರಿಗೆ, ಕೊರಿಯರ್ ಎಂದು ಮೊದಲು ನಿಮ್ಮಿಂದಲೇ ಕೇಳಿದರೆ ಅಲ್ಲಿಗೇ ಫೋನಿಡಿ. ಇವತ್ತೇ ಕೊನೆಯ ದಿನ ಎಂದು ಯಾರಾದರೂ ಅವಸರ ಮಾಡಿದರೆ, ಅವತ್ತು ಏನನ್ನೂ ಮಾಡಬೇಡಿ.

ನೀವು ಮಾರುವವರಾದರೆ, ನಾಣ್ಯ ತಿಕ್ಕಬೇಡಿ, ಗಿರಾಕಿ ಹೇಳಿದರೂ ತಿಕ್ಕಬೇಡಿ. ತಿಳಿದವರಿಗೆ ತೋರಿಸದೆ ಅಪರೂಪ ಎಂದು ಬರೆಯಬೇಡಿ. ಯಾರಾದರೂ ಸಾಮಾನ್ಯ ನಾಣ್ಯಕ್ಕೆ ತಲೆ ತಿರುಗುವ ಬೆಲೆ ಹೇಳಿದರೆ, ಯಾಕೆ ಬೇಕು ಎಂದು ಕೇಳಿ. ಅವನು ಬೈದರೆ ಬೈಯಲಿ. ತಿರುಗಿ ಬೈದರೆ ಅವನು ನೇರ ಕಳ್ಳರ ಮಡಿಲಿಗೇ ಹೋಗಿ ಬೀಳುತ್ತಾನೆ. ನಿಮ್ಮ ಮಾತು ನಂಬದಿದ್ದರೆ ಅವನ ಜೇಬನ್ನೇ ನೋಡಿಕೊಳ್ಳಲು ಹೇಳಿ. ಅವನು ನೋಡಿ ಮುಗಿಸುವವರೆಗೆ ಫೋನ್ ಇಡಬೇಡಿ.