ವ್ಯಾಪಾರ ಕಲಿಸುವ ಕೋಣೆಯಲ್ಲಿ ಅಪ್ಪ

ಶಾಲೆ ಶುರುವಾಗಲು ಹದಿನೈದೇ ದಿನ ಉಳಿದಿತ್ತು. ಆದರೂ ಅಪ್ಪನ ಶಾಲಾ ಚೀಲದ ಅಂಗಡಿ ಬಿಕೋ ಎನ್ನುತ್ತಿತ್ತು. ಬಟ್ಟೆ ಗಟ್ಟಿ, ಹೊಲಿಗೆ ಅದಕ್ಕಿಂತ ಗಟ್ಟಿ. ಬಂದವರು ಮಾತ್ರ ಚೀಲ ಎತ್ತಿ, ತಿರುಗಿಸಿ ನೋಡಿ, ಅಲ್ಲೇ ಇಟ್ಟು ಹೋಗುತ್ತಿದ್ದರು. ಚೀಲ ಹೊಲಿಯುವ ಅಪ್ಪನಿಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ಮಗಳು ಹೊಸ ರಾಗ ತೆಗೆದಳು. ಮಾತಿನ ಮಲ್ಲಿ, ಮನೆಯವರೆಲ್ಲ ಅವಳನ್ನು ಚಿನಕುರುಳಿ ಎಂದೇ ಕರೆಯುತ್ತಿದ್ದರು.

"ಅಪ್ಪಾ, ನಾನು ಯೂನಿವರ್ಸಿಟೀಲಿ ಬಿಸಿನೆಸ್ ಓದ್ತೀನಿ. ಅರ್ಜಿ ಹಾಕೋಕೆ ನಾಳೇನೇ ಕೊನೆ ದಿನ."

"ವ್ಯಾಪಾರ ಓದಿದ್ರೆ ಬರುತ್ತೇನೇ? ಅಂಗಡೀಲಿ ಕೂತ್ಕೋ, ತಾನಾಗೇ ಬರುತ್ತೆ."

"ನೀನು ಇಪ್ಪತ್ತು ವರ್ಷದಿಂದ ಕೂತಿದ್ದೀಯಲ್ಲ ಅಣ್ಣ, ಬಂತಾ?" ಎಂದಳು ಅಪ್ಪನ ತಂಗಿ. ಅವಳು ಅದೇ ವಿಶ್ವವಿದ್ಯಾಲಯದಲ್ಲಿ, ವ್ಯಾಪಾರ ಕಲಿಸುವ ಲ್ಯಾಬಿನಲ್ಲಿ ಸಹಾಯಕಿ. "ನಾಳೆ ಅಲ್ಲಿಗೆ ಯಾರು ಬೇಕಾದ್ರೂ ಬಂದು ನೋಡಬಹುದು. ಒಂದು ಚೀಲ ಹಿಡ್ಕೊಂಡು ಬಾ. ನೋಡಿದ್ಮೇಲೆ ಬೇಡ ಅನ್ನು."

ಮರುದಿನ ಅಪ್ಪ ಮುಖ ಗಂಟು ಹಾಕಿಕೊಂಡೇ ತಂಗಿ, ಮಗಳ ಜೊತೆ ಹೋದ. ಸಾಲು ಬೆಂಚು, ಕಪ್ಪು ಹಲಗೆ ಇರುತ್ತದೆ ಅಂದುಕೊಂಡಿದ್ದ. ಬಾಗಿಲು ತೆರೆದರೆ ಅಂಗಡಿ! ನಿಜವಾದ ಕಪಾಟುಗಳು, ನಿಜವಾದ ಗಿರಾಕಿಗಳು. ಮಾರುತ್ತಿದ್ದವರು ವಿದ್ಯಾರ್ಥಿಗಳು. ಗಾಜಿನ ಗೋಡೆಯ ಈಚೆ ಉಳಿದವರು ಕೂತು, ಜನ ಯಾವುದನ್ನು ಮುಟ್ಟುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ಗಮನಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಹೊಸ ಹೊಲಿಗೆ ಯಂತ್ರಗಳು, ಮಾದರಿ ತಯಾರಿಸುವ ಉಪಕರಣಗಳು.

"ಇದು ಕ್ಲಾಸಾ, ಸಂತೇನಾ?"

"ಎರಡೂ, ಅಣ್ಣ!"

ಪಾಠ ಮಾಡುವ ಮೇಡಂ ಅಪ್ಪನ ಚೀಲವನ್ನೂ ಕಪಾಟಿನಲ್ಲಿ ಇಡಿಸಿದರು. ಒಬ್ಬರು ಎತ್ತಿದರು, ಇಟ್ಟರು. ಇನ್ನೊಬ್ಬರೂ ಅಷ್ಟೇ. ಮೂರನೆಯವರೂ ಇಟ್ಟಾಗ ಗಾಜಿನ ಹಿಂದಿದ್ದ ಅಪ್ಪನ ಮುಖ ಕೆಂಪಾಯಿತು.

"ಇಲ್ಲೂ ಅದೇ ಕಥೆ! ನಡೀರಿ, ಹೋಗೋಣ."

ಚಿನಕುರುಳಿ ಎಲ್ಲಿ ನಿಲ್ಲುತ್ತಾಳೆ! ಆಗಲೇ ಆ ಮೂರನೆಯವರ ಮುಂದೆ ಹೋಗಿ ನಿಂತಿದ್ದಳು.

"ಅಕ್ಕಾ, ಬೇಜಾರಿಲ್ಲ ಅಂದ್ರೆ ಹೇಳಿ. ಯಾಕೆ ವಾಪಸ್ ಇಟ್ರಿ?"

"ಚೀಲ ಚೆನ್ನಾಗಿದೆ ಕಣಮ್ಮ. ಆದ್ರೆ ನೀರಿನ ಬಾಟಲಿ ಒಳಗಿಟ್ರೆ ಪುಸ್ತಕ ಒದ್ದೆ ಆಗುತ್ತೆ. ಹೊರಗೊಂದು ಜೇಬೇ ಇಲ್ವಲ್ಲ!"

ಮಗಳ ಹಿಂದೆಯೇ ಬಂದಿದ್ದ ಅಪ್ಪನ ಕಿವಿಗೂ ಅದು ಬಿತ್ತು. ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

"ಮೇಡಂ, ಆ ಮಿಷನ್ ಮೇಲೆ ನಾನು ಕೂರಬಹುದಾ?"

ವಿದ್ಯಾರ್ಥಿಗಳು ಓಡಾಡಿ ನಾಲ್ಕೈದು ಬಗೆಯ ಬಾಟಲಿಗಳ ಅಳತೆ ತಂದರು. ಮಗಳು ಬಟ್ಟೆ ಕತ್ತರಿಸಿದಳು, ಅಪ್ಪ ಹೊಲಿದ. ಅರ್ಧ ಗಂಟೆಯಲ್ಲಿ ಎರಡೂ ಬದಿಗೆ ಜೇಬು ಬಂತು. ಆ ಅಕ್ಕ ಕುತೂಹಲಕ್ಕೆ ಅಲ್ಲೇ ಕಾದಿದ್ದರು. ತಮ್ಮ ಬಾಟಲಿ ಸಿಕ್ಕಿಸಿ, ಚೀಲ ಅಲ್ಲಾಡಿಸಿ, ಹೆಗಲಿಗೇರಿಸಿಕೊಂಡರು.

"ಇದು ನನಗೇ. ಇನ್ನು ಕೆಳಗಿಡಲ್ಲ!"

ಕೋಣೆ ತುಂಬ ಚಪ್ಪಾಳೆ. ಅಪ್ಪನ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಲೇ ತಂಗಿ, ಅರ್ಜಿ ಎಲ್ಲಿ ಕೊಡ್ತಾರೆ? ಬೇಗ ತೋರ್ಸು!" ಎನ್ನುತ್ತಲೇ ದಡದಡ ಹೊರಟ.

"ಆ ಕಡೆ ಅಲ್ಲ ಅಣ್ಣ, ಈ ಕಡೆ!"

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗಳೋ ಮಗನೋ ವ್ಯಾಪಾರ ಓದುತ್ತೇನೆ ಎಂದರೆ, ಬೇಡ ಅನ್ನುವ ಮೊದಲು ಒಮ್ಮೆ ಜೊತೆಯಲ್ಲಿ ಹೋಗಿ ನೋಡಿ. ಕಟ್ಟಡದ ಥಳಕಿಗೆ ಮರುಳಾಗಬೇಡಿ. ಲ್ಯಾಬಿನೊಳಗೆ ಹೋಗಿ, "ನಮ್ಮ ಮಕ್ಕಳು ಇಲ್ಲಿ ಕೈಯಾರೆ ಏನು ಮಾಡ್ತಾರೆ?" ಎಂದು ಕೇಳಿ. ಕೋರ್ಸಿಗೆ ಮಾನ್ಯತೆ ಇದೆಯೇ, ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂದೂ ವಿಚಾರಿಸಿ. ಉತ್ತರ ಮನಸ್ಸಿಗೆ ಒಪ್ಪಿತೇ? ಹಾಗಾದರೆ ಅರ್ಜಿಯ ಕೊನೆ ದಿನದವರೆಗೆ ಕಾಯಬೇಡಿ. ಇವತ್ತೇ ಹೊರಡಿ!