ಗಂಗುಲಮ್ಮ ಮಣ್ಣಿಗೆ ಹೋದದ್ದು

ಗಂಗುಲಮ್ಮನವರ ಎದುರಿಗೆ ನಿಂತು ಯಾರ ಬಗ್ಗೆಯಾದರೂ ಒಂದು ಮಾತು ಹೇಳಿ ನೋಡಿ, ಅದು ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಕನ್ನಡಕದ ಮೇಲಿನಿಂದ ನಿಮ್ಮನ್ನು ಅಳೆದು, ಅವರು ಕೇಳುವುದು ಒಂದೇ ಪ್ರಶ್ನೆ: “ನೀನು ನೋಡಿದ್ಯಾ?” ನೋಡಿಲ್ಲ, ಕೇಳಿದೆ ಎಂದಿರೋ, ಮಾತು ಅಲ್ಲಿಗೇ ಮುಗಿಯಿತು. ಸಿಟ್ಟು ಬಂದಾಗ ಅದೇ ಪ್ರಶ್ನೆ ತೆಲುಗಿಗೆ ಹೊರಳಿ “ಸೂಸಿನಾವಾ?” ಆಗುತ್ತದೆ; ಆಗ ಅಲ್ಲಿಂದ ಕಾಲು ಕೀಳುವುದೇ ಕ್ಷೇಮವೆಂದು ಗೌರಿಬಿದನೂರು ರಸ್ತೆಯ ಆ ಊರಿನಲ್ಲಿ ಮಕ್ಕಳಿಗೂ ಗೊತ್ತು. ಮದುವೆಯ ಮಾತುಕತೆಯಲ್ಲಿ, ಪಂಚಾಯ್ತಿಯ ಸಭೆಯಲ್ಲಿ, ಹಾಲಿನ ಡೇರಿಯ ಮುಂದಿನ ಸಾಲಿನಲ್ಲಿ, ಎಷ್ಟೋ ರಸವತ್ತಾದ ಚಾಡಿಗಳು ಈ ಪ್ರಶ್ನೆಗೆ ಸಿಕ್ಕಿ ಉಸಿರುಕಟ್ಟಿ ಸತ್ತಿವೆ.

ಪ್ರಶ್ನೆಯಷ್ಟೇ ಪ್ರಸಿದ್ಧವಾದದ್ದು ಅವರ ಕೋಟು. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಜವಾನರಾಗಿದ್ದ ಗಂಡ ಕೋನಪ್ಪನವರದು ಅದು. ಕಂದು ಬಣ್ಣದ ಉಣ್ಣೆಯ ಕೋಟು, ಮೊಣಕೈ ಸವೆದು ಬೇರೆ ಬಟ್ಟೆಯ ತೇಪೆ ಬಿದ್ದಿದೆ. ಅವರು ತೀರಿಕೊಂಡ ಮೇಲೆ ಗಂಗುಲಮ್ಮ ಅದನ್ನು ಸೀರೆಯ ಮೇಲೆ ತೊಟ್ಟವರು ಚಳಿಗಾಲ ಹೋಗಿ ಬೇಸಿಗೆ ಬಂದರೂ ಬಿಚ್ಚಲಿಲ್ಲ. ಶಿಡ್ಲಘಟ್ಟದ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ತನುಜ “ಜನ ನಗ್ತಾರಮ್ಮ” ಎಂದರೆ, “ನಗಲಿ ಬಿಡು, ಜೇಬು ಬೇಕು ನನಗೆ” ಎಂದು ಬಿಡುತ್ತಿದ್ದರು. ಮೊಣಕೈಗಳನ್ನು ಅಗಲಿಸಿ, ಮುಂದಕ್ಕೆ ಬಾಗಿ, ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಸದಾ ಅವಸರದಲ್ಲಿ ನಡೆಯುವ ಆ ಕೋಟು ದೂರದಿಂದ ಕಂಡರೆ ತಾಲ್ಲೂಕು ಕಚೇರಿಯ ಗುಮಾಸ್ತರು ಕಡತ ಹುಡುಕುವವರಂತೆ ತಲೆ ತಗ್ಗಿಸುತ್ತಿದ್ದರು.

ಇನ್ನೊಂದು ಹಟ ಕುರ್ಚಿಯದು. ಮೊದಲ ಸಲ ತಾಲ್ಲೂಕು ಪಂಚಾಯ್ತಿಗೆ ಗೆದ್ದು ಮೇಲಿನ ಬೀದಿಯ ಮನೆಗಳಿಗೆ ಹೋದಾಗ, ಕಾಲೋನಿಯಿಂದ ಬಂದ ಈ ಸದಸ್ಯೆಗೆಂದೇ ಒಂದು ಪ್ಲಾಸ್ಟಿಕ್ ಕುರ್ಚಿ ಅಂಗಳಕ್ಕೆ ಬರುತ್ತಿತ್ತು, ಎದ್ದು ಹೋದ ಮೇಲೆ ಅದರ ಮೇಲೆ ನೀರು ಬೀಳುತ್ತಿತ್ತು. ಅದನ್ನು ಮಾತ್ರ ಅವರು ಕಣ್ಣಾರೆ ನೋಡಿದ್ದರು. ಅಂದಿನಿಂದ ಆ ಬೀದಿಯ ಯಾವ ಮನೆಯಲ್ಲೂ ಕೂತವರಲ್ಲ. “ನಿಂತೇ ಮಾತಾಡ್ತೀನಿ ಬಿಡಪ್ಪ, ಕಾಲು ಗಟ್ಟಿಯಾಗವೆ” ಎನ್ನುತ್ತಿದ್ದರು, ಮತ್ತು ಆ ಮಾತಿನಲ್ಲಿ ಬೇಡಿಕೆಯೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ.

ಆ ಬೀದಿಯ ಚನ್ನಕೇಶವ ಅವರ ಜೀವಮಾನದ ಎದುರಾಳಿ. ಇವರು ಒಂದು ಪಕ್ಷ, ಅವರು ಇನ್ನೊಂದು. ಒಮ್ಮೆ ಇವರು ಗೆದ್ದರೆ ಇನ್ನೊಮ್ಮೆ ಅವರು. ವೇದಿಕೆಯ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಜಾಲಾಡುತ್ತಿದ್ದ ಪರಿ ನೋಡಿದವರು ಇವರು ಎದುರುಬದುರಾದರೆ ರಕ್ತ ಹರಿಯುತ್ತದೆ ಎಂದುಕೊಳ್ಳಬೇಕು. ಎದುರುಬದುರಾಗುತ್ತಿದ್ದರು, ಬಸ್‌ಸ್ಟಾಂಡಿನಲ್ಲಿ. ಚನ್ನಕೇಶವ ಕೈ ಚಾಚುತ್ತಿದ್ದರು: “ಗಂಗುಲಮ್ಮ, ಒಂದೆಲೆ ಕೊಡಮ್ಮ. ನಾಳೆ ನಿನ್ನ ಬೈಯೋಕೆ ಬಾಯಿ ಬೇಕಲ್ಲ.” ಕೋಟಿನ ಜೇಬಿನಿಂದ ಎಲೆ ಹೊರಬರುತ್ತಿತ್ತು, ಸುಣ್ಣ ಸವರಿ ಮಡಿಸಿಯೇ ಕೊಡುತ್ತಿದ್ದರು. ಮನೆಯೊಳಗೆ ಕೂರಿಸದ ಬೀದಿಯ ಮನುಷ್ಯ ತಮ್ಮ ಕೈಯ ಎಲೆಯನ್ನು ಹತ್ತು ಜನರ ಮುಂದೆ ಬಾಯಿಗೆ ಹಾಕಿಕೊಳ್ಳುವುದನ್ನು ಗಂಗುಲಮ್ಮ ಗಮನಿಸದೆ ಇರಲಿಲ್ಲ. ಹಾಗೆಂದು ಅದಕ್ಕೆ ಕರಗಿ ಮರುದಿನದ ಭಾಷಣದಲ್ಲಿ ಒಂದು ಬೈಗುಳವನ್ನೂ ಕಡಿಮೆ ಮಾಡಲಿಲ್ಲ.

ಚುನಾವಣೆ ಇನ್ನೇನು ಬಂತು ಎನ್ನುತ್ತಿದ್ದ ದಿನಗಳಲ್ಲಿ, ಒಂದು ಮುಂಜಾನೆ ತೋಟದ ಮೋಟರು ಹಾಕಲು ಹೋದ ಚನ್ನಕೇಶವ ಕೆರೆ ಏರಿಯ ಮೇಲೆ ಮಚ್ಚಿನೇಟು ತಿಂದು ಸತ್ತು ಬಿದ್ದಿದ್ದರು. ಪಕ್ಕದಲ್ಲಿ ಒಂದು ನೇರಳೆ ಬಣ್ಣದ ಶಲ್ಯ ಸಿಕ್ಕಿತು. ನೇರಳೆ ಗಂಗುಲಮ್ಮನವರ ಪಕ್ಷದ ಬಣ್ಣ. ಅಷ್ಟು ಸಾಕಾಯಿತು. ಪೊಲೀಸರು ಬರುವ ಮೊದಲೇ ಆ ಶಲ್ಯದ ಚಿತ್ರ ಚಿಂತಾಮಣಿಯವರೆಗೂ ಮೊಬೈಲಿನಿಂದ ಮೊಬೈಲಿಗೆ ಹೋಗಿತ್ತು. ಬಿಸಿಲೇರುವಷ್ಟರಲ್ಲಿ ಟಿವಿಯ ಕೆಳಗಿನ ಪಟ್ಟಿಯಲ್ಲಿ “ರಾಜಕೀಯ ಕೊಲೆ” ಓಡುತ್ತಿತ್ತು. ಗೌರಿಬಿದನೂರಿನಲ್ಲಿ ಅಂಗಡಿಗಳು ಬಾಗಿಲೆಳೆದವು. ಸತ್ತವನ ಮೈ ಇನ್ನೂ ಆಸ್ಪತ್ರೆಗೆ ಹೋಗಿರಲಿಲ್ಲ, ತೀರ್ಪು ಮಾತ್ರ ಬಂದುಬಿಟ್ಟಿತ್ತು.

ತೀರ್ಪಿಗೊಂದು ಹೆಸರೂ ಬೇಕಲ್ಲ, ಅದಕ್ಕೆ ಸಿಕ್ಕವನು ಗಂಗುಲಮ್ಮನವರ ತಮ್ಮನ ಮಗ ಸಿದ್ಧಾರ್ಥ್. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಪಕ್ಷದ ಓಡಾಟ, ಬಿಸಿರಕ್ತ. ಡೇರಿಯ ಸಭೆಯಲ್ಲಿ ಚನ್ನಕೇಶವರ ಮುಖಕ್ಕೇ “ನಿಮ್ಮ ಕಾಲ ಮುಗೀತು” ಎಂದು ಕೂಗಿದ್ದನ್ನು ಯಾರೋ ಹಿಂದೆಯೇ ಚಿತ್ರೀಕರಿಸಿದ್ದರು. ಅದೂ ಈಗ ಹೊರಬಿತ್ತು. ಆ ಮುಂಜಾನೆ ರಾತ್ರಿ ಪಾಳಿ ಮುಗಿಸಿ ಅವನು ಬೈಕಿನಲ್ಲಿ ಬಂದದ್ದು ಅದೇ ಏರಿಯ ಕೆಳಗಿನ ದಾರಿಯಲ್ಲಿ.

ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಬಾಗಿಲಿಗೆ ಬಂದ ಹುಡುಗನನ್ನು ಕಂಡಾಗ, ಊರಿಗೆಲ್ಲ “ನೋಡಿದ್ಯಾ” ಎಂದು ಕೇಳುತ್ತಿದ್ದ ಬಾಯಿಂದ ಬಂದದ್ದು ಬೇರೆಯೇ ಮಾತು.

“ಬೆಳಗ್ಗೆ ಎಲ್ಲಿದ್ಯೋ?”

ಸಿದ್ಧಾರ್ಥ್ “ಅತ್ತೆ, ನೀನೂನಾ?” ಎಂದ.

ಗಂಗುಲಮ್ಮನವರಿಗೆ ಕೆನ್ನೆಗೆ ಹೊಡೆದಂತಾಯಿತು. ಯಾರೂ ಏನನ್ನೂ ನೋಡಿರಲಿಲ್ಲ. ಆದರೂ ಒಂದು ಬಟ್ಟೆ, ಒಂದು ಬಣ್ಣ, ಒಂದು ಒದ್ದೆ ತಲೆ ಸೇರಿ ತಾವೇ ಎತ್ತಿ ಆಡಿಸಿದ ಹುಡುಗನನ್ನು ತಮ್ಮ ಮನಸ್ಸಿನಲ್ಲೇ ಕೊಲೆಗಾರನನ್ನಾಗಿ ನಿಲ್ಲಿಸಿದ್ದವು. ಪೊಲೀಸರು ಬಂದು ಅವನನ್ನು ಜೀಪಿಗೆ ಹತ್ತಿಸಿಕೊಂಡಾಗ ಅವನು ತಿರುಗಿ ನೋಡಲಿಲ್ಲ. ಅವಮಾನವೆಂದರೆ ಏನೆಂದು ಪ್ಲಾಸ್ಟಿಕ್ ಕುರ್ಚಿಯಿಂದ ಕಲಿತಿದ್ದ ಆ ಹೆಂಗಸು ಆವತ್ತು ಅದನ್ನು ತಮ್ಮ ಕೈಯಾರೆ ಇನ್ನೊಬ್ಬರಿಗೆ ಮಾಡಿದ್ದರು.

ಮಧ್ಯಾಹ್ನ ಶವ ಊರಿಗೆ ಬಂತು. ಮಣ್ಣಾದ ಮೇಲೆ ಗುಂಪು ನೇರ ಕಾಲೋನಿಗೆ ನುಗ್ಗುತ್ತದೆ ಎಂಬ ಮಾತು ಹರಡಿ, ಕಾಲೋನಿಯ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಮುದ್ದೇನಹಳ್ಳಿ ಕಡೆಯ ನೆಂಟರ ಮನೆಗಳಿಗೆ ಹೊರಡುತ್ತಿದ್ದರು. ಪಕ್ಷದ ಜಿಲ್ಲಾ ಮುಖಂಡ ಭಾನುಪ್ರಕಾಶ್ ಫೋನು ಮಾಡಿ, “ಅಮ್ಮಾ, ಮನೆ ಬಿಟ್ಟು ಆಚೆ ಬರಬೇಡಿ” ಎಂದ. ಗಂಗುಲಮ್ಮ ಕೋಟು ತೊಡುತ್ತಿದ್ದರು. ಸುದ್ದಿ ತಿಳಿದು ಓಡಿ ಬಂದಿದ್ದ ತನುಜ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗಮ್ಮ?”

“ಮಣ್ಣಿಗೆ.”

“ಅವರು ನಿನ್ನ ಸುಮ್ನೆ ಬಿಡ್ತಾರಾ?”

“ಇಷ್ಟು ವರ್ಷ ಜಗಳ ಆಡಿದೋಳು ಕಣೇ ನಾನು. ನಾನಲ್ದೆ ಇನ್ಯಾರು ಹೋಗ್ಬೇಕು?”

ಅವರು ಹೋದರು. ಅಂಗಳದ ತುಂಬ ಜನ. ಹೆಣದ ಮೇಲೆ ಪಕ್ಷದ ಬಾವುಟ, ಪಕ್ಕದಲ್ಲಿ ಹೆಂಡತಿ ಓಬಳಮ್ಮ, ಮಗಳು ಶಿರೀಷಾ. ಕಂದು ಕೋಟು ಒಳಬರುವುದನ್ನು ಕಂಡು ಘೋಷಣೆ ಒಮ್ಮೆಲೇ ನಿಂತಿತು. ಸತ್ತವರ ತಮ್ಮ ಮೋಹನ್‌ಬಾಬು ಎದುರಿಗೆ ಬಂದ.

“ಯಾವ ಮುಖ ಇಟ್ಕೊಂಡು ಬಂದೆ? ನಿಮ್ಮೋರೇ ಹೊಡೆದು, ನೀವೇ ಅಳೋಕೆ ಬರ್ತೀರಾ?”

“ಸೂಸಿನಾವಾ?” ಎಂದರು ಗಂಗುಲಮ್ಮ.

“ನೋಡೋದೇನು! ಶಲ್ಯ ಸಿಕ್ಕಿದೆಯಲ್ಲ!”

ಗಂಗುಲಮ್ಮ ಕೈಯೆತ್ತಿ ಜಗಲಿಯ ಕಡೆ ತೋರಿಸಿದರು. ಅಲ್ಲಿ ಡೇರಿಗೆ ಹೋಗದೆ ಉಳಿದಿದ್ದ ಬೆಳಗಿನ ಹಾಲಿನ ಕ್ಯಾನು. ಅದರ ಬಾಯಿಗೆ, ಹಾಲು ಸೋಸಲು ಕಟ್ಟಿದ ಬಟ್ಟೆ, ಒಗೆದೊಗೆದು ಮಾಸಿದ ನೇರಳೆ ಶಲ್ಯ. ಇಡೀ ಗುಂಪು ಆ ಕಡೆ ತಿರುಗಿತು. ಈ ಸೀಮೆಯಲ್ಲಿ ಯಾರು ಪ್ರಚಾರಕ್ಕೆ ಕರೆದರೂ ಜನ ಹೋಗುತ್ತಾರೆ, ಹೋದವರ ಕೊರಳಿಗೆ ಶಲ್ಯ ಬೀಳುತ್ತದೆ, ಮತ ಎಣಿಕೆ ಮುಗಿದ ಮೇಲೆ ಅದು ಹೂವಿನ ಬುಟ್ಟಿಗೆ ಹೊದಿಕೆಯಾಗುತ್ತದೆ, ದ್ರಾಕ್ಷಿಗೆ ಔಷಧಿ ಹೊಡೆಯುವವರ ತಲೆಗೆ ರುಮಾಲಾಗುತ್ತದೆ, ಹಸುವಿನ ಮೈ ಒರೆಸುತ್ತದೆ. ಎಲ್ಲ ಪಕ್ಷದ ಬಟ್ಟೆಯೂ ಎಲ್ಲರ ಮನೆಯಲ್ಲೂ ಇದೆ. ಇದು ಆ ಅಂಗಳದಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು, ಬೆಳಗ್ಗೆಯಿಂದ ಒಬ್ಬನಿಗೂ ನೆನಪಾಗಿರಲಿಲ್ಲ.

“ಹಂಗಾದ್ರೆ ಯಾರು ಮಾಡಿದ್ದು, ನೀನೇ ಹೇಳು!” ಹಿಂದಿನಿಂದ ಯಾರೋ ಕೂಗಿದರು.

“ಗೊತ್ತಿಲ್ಲ” ಎಂದರು ಗಂಗುಲಮ್ಮ, ಅಂಗಳದ ಕೊನೆಯವರೆಗೂ ಕೇಳುವಂತೆ. “ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಮ್ಮ ಹುಡುಗ ಮಾಡಿದ್ರೆ ನಾನೇ ಜೈಲಿಗೆ ಬಿಟ್ಟು ಬರ್ತೀನಿ. ಗೊತ್ತಾಗೋಗಂಟ ಕಾಲೋನಿ ಕಡೆ ಒಬ್ಬ ಕಾಲಿಟ್ರೂ ಮೊದಲು ನನ್ನ ದಾಟ್ಕೊಂಡು ಹೋಗ್ಬೇಕು.”

ಮೋಹನ್‌ಬಾಬುವಿನ ಕೈ ಮೇಲೆದ್ದಿತ್ತು. ಆಗ ಹೆಣದ ಪಕ್ಕದಿಂದ ಓಬಳಮ್ಮನ ದನಿ ಬಂತು.

“ಬಿಡೋ ಮೋಹನ. ಎಲೆ ಕೊಟ್ಟೋಳು ಬಂದವಳೆ. ಬಾರಮ್ಮ, ಕೂತ್ಕೊ.”

ಯಾರೂ ಕುರ್ಚಿ ತರಲಿಲ್ಲ. ಗಂಗುಲಮ್ಮ ಓಬಳಮ್ಮನ ಪಕ್ಕ, ಅದೇ ಚಾಪೆಯ ಮೇಲೆ, ಅವಳ ಭುಜಕ್ಕೆ ಭುಜ ತಾಗಿಸಿ ಕೂತರು. ಆ ಬೀದಿಯಲ್ಲಿ ಅವರು ಕೂತದ್ದು ಅದೇ ಮೊದಲು. ಆಮೇಲೆ ತೋಟದಲ್ಲಿ ಎಲ್ಲರಂತೆ ಹಿಡಿ ಮಣ್ಣು ಹಾಕುವ ಸರದಿ ಬಂದಾಗ, ಕೋಟಿನ ಜೇಬಿನಿಂದ ಎಲೆ ತೆಗೆದು, ಸುಣ್ಣ ಸವರಿ, ಮಡಿಸಿ, ಮಣ್ಣಿನ ಜೊತೆ ಹಾಕಿದರು. ಆಗ ಮಾತ್ರ ಬಿಕ್ಕಿ ಬಿಕ್ಕಿ ಅತ್ತರು. ನಂತರ ಹೋಗಿ ಕಾಲೋನಿಯ ದಾರಿಯ ತಲೆಯಲ್ಲಿ ನಿಂತರು. ಗುಂಪು ಅಲ್ಲಿಯವರೆಗೆ ಬಂತು, ಒಂದಿಷ್ಟು ಕೂಗಾಡಿತು, ಮನೆಗೆ ಹೋಯಿತು.

ವಾರ ಕಳೆಯುವ ಮುಂಚೆ ಆವುಲಪ್ಪ ಎಂಬವನು ತಾನಾಗಿ ಠಾಣೆಗೆ ಬಂದು ಒಪ್ಪಿಕೊಂಡ. ಚನ್ನಕೇಶವರ ಪಕ್ಕದ ತೋಟದವನು, ಅವರದೇ ಪಕ್ಷದವನು. ತನ್ನ ತೋಟಕ್ಕೆ ಗಾಡಿ ಹೋಗುವ ದಾರಿಗೆ ಅವರು ಬೇಲಿ ಹಾಕಿಸಿದ್ದರು. ಮಾತಿಗೆ ಮಾತು ಬೆಳೆದು ಕೈ ಮೀರಿತ್ತು. ಔಷಧಿ ಹೊಡೆಯಲೆಂದು ತಲೆಗೆ ಸುತ್ತಿಕೊಂಡಿದ್ದ ನೇರಳೆ ಬಟ್ಟೆ ಆ ಗಡಿಬಿಡಿಯಲ್ಲಿ ಬಿದ್ದುಹೋಗಿತ್ತು.

ಸಿದ್ಧಾರ್ಥ್ ಮನೆಗೆ ಬಂದ ದಿನ ಗಂಗುಲಮ್ಮ ಬಾಗಿಲಲ್ಲೇ ಅವನ ಕೈ ಹಿಡಿದುಕೊಂಡರು. “ನಾನು ಕೇಳಬಾರದಿತ್ತು ಕಣಪ್ಪ, ತಪ್ಪಾಯ್ತು” ಎಂದರು. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ಅದು ಸರಿಹೋಗಲು ಕಾಲ ಹಿಡಿಯಿತು.

ಅದೇ ಸಂಜೆ ಭಾನುಪ್ರಕಾಶ್ ಹೂವಿನ ಹಾರ, ಪಟಾಕಿ, ನಾಲ್ಕು ಕಾರು ಸಮೇತ ಬಂದಿಳಿದ. ನಾಳೆ ಚಿಕ್ಕಬಳ್ಳಾಪುರದಲ್ಲಿ ಮೆರವಣಿಗೆ. ಕೊಂದವನು ಅವರ ಪಕ್ಷದವನೇ, ಟಿಕೆಟ್ಟಿಗಾಗಿ ಅವರವರೇ ಹೊಡೆದುಕೊಂಡರು, ಇದೇ ನಿಜವಾದ ರಾಜಕೀಯ ಕೊಲೆ ಎಂದು ಗಂಗುಲಮ್ಮನವರ ಬಾಯಲ್ಲೇ ಹೇಳಿಸಬೇಕು. ಅವರು ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು.

“ನೋಡಿದ್ಯಾ?”

“ಅಮ್ಮಾ, ಇದು ನಮ್ಮ ಟೈಮು…”

“ದಾರಿ ಜಗಳ ಅಂತ ಅವನೇ ಹೇಳವ್ನೆ. ಅದ್ರೊಳಗೆ ನೀನ್ಯಾಕೆ ಪಾರ್ಟಿ ತುರುಕ್ತೀಯಪ್ಪ? ಆವತ್ತು ಅವ್ರಿಗೆ ಹೇಳಿದ್ದೇ ಇವತ್ತು ನಿನಗೂ.”

“ಹಿಂಗಾದ್ರೆ ಟಿಕೆಟ್ ಕಷ್ಟ ಆಗುತ್ತಮ್ಮ.”

“ಆಗ್ಲಿ. ಆ ಹಾರ ತಗೊಂಡೋಗು, ವಾಸನೆ ತಲೆನೋವು ತರ್ತದೆ.”

ಟಿಕೆಟ್ಟು ಬೇರೆಯವರಿಗೆ ಹೋಯಿತು. ಗಂಗುಲಮ್ಮ ಈಗಲೂ ಅದೇ ಕೋಟಿನಲ್ಲಿ, ಅದೇ ಅವಸರದಲ್ಲಿ, ಯಾರದೋ ಪಿಂಚಣಿಗಾಗಿ ತಾಲ್ಲೂಕು ಕಚೇರಿಗೆ ನಡೆಯುತ್ತಾರೆ.

ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ, ಮತ್ತು ಎಲ್ಲ ಊರಿಗೂ ಅವರು ಅಷ್ಟಕ್ಕಷ್ಟೇ. “ನಮಗೆ ಗೊತ್ತು” ಎಂಬ ಮಾತಿನಲ್ಲಿ ಒಂದು ಅಮಲಿದೆ, ಗುಂಪು ಕೂಡುವುದೇ ಆ ಅಮಲಿನಿಂದ. “ಗೊತ್ತಿಲ್ಲ” ಎನ್ನುವವರು ಯಾವಾಗಲೂ ಒಂಟಿ. ಅಳುಕಿನಿಂದ ಗೊತ್ತಿಲ್ಲ ಎನ್ನುವವರು ಬೇಕಾದಷ್ಟಿದ್ದಾರೆ. ಎದುರಾಳಿಯ ಹೆಣದ ಮುಂದೆಯೂ ತಮ್ಮವರ ಪಟಾಕಿಯ ಮುಂದೆಯೂ ಎದೆಯೆತ್ತಿ ಅದೇ ಮಾತನ್ನು ಹೇಳುವವರು, ತಮ್ಮ ಮನೆಯ ಬಾಗಿಲಲ್ಲಿ ಒಮ್ಮೆ ಅದನ್ನು ಮರೆತದ್ದಕ್ಕೆ ಬೆಂದವರೇ ಇರಬೇಕು. ಆ ಕಡೆಯವರು ಅವರನ್ನು ನಮ್ಮವರಲ್ಲ ಎನ್ನುತ್ತಾರೆ, ಈ ಕಡೆಯವರೂ ನಮ್ಮವರಲ್ಲ ಎನ್ನುತ್ತಾರೆ. ಎನ್ನಲಿ. ಅವರು ದಾರಿಯ ತಲೆಯಲ್ಲಿ ನಿಂತಿದ್ದ ಆ ದಿನ ಊರಿನಲ್ಲಿ ಒಂದು ಮನೆಗೂ ಬೆಂಕಿ ಬೀಳಲಿಲ್ಲ.