ಗೌರಿಗೆ ಹೇಳಿದ ಓಟಿಪಿ

ಮೊಬೈಲಿನೊಳಗಿನ ಹೆಣ್ಣುದನಿ "ಎಡಕ್ಕೆ ತಿರುಗಿ" ಎಂದಿತು. ಎಡಕ್ಕೆ ರಸ್ತೆಯೇ ಇರಲಿಲ್ಲ. ತೆಂಗಿನ ತೋಟದ ಮುಳ್ಳುತಂತಿ ಬೇಲಿ, ಅದರ ಮೇಲೆ ಯಾರೋ ಒಣಹಾಕಿದ್ದ ಪಂಚೆ.

"ಎಡಕ್ಕೆ ನಿಮ್ಮಪ್ಪ ರಸ್ತೆ ಮಾಡ್ಸವ್ನಾ?" ಎಂದು ಬೈದು ಚನ್ನೇಶ ಮೊಬೈಲನ್ನು ಪಕ್ಕದ ಸೀಟಿಗೆ ಎಸೆದ.

ಪಾರ್ಸಲ್ ವ್ಯಾನಿನ ಕೆಲಸಕ್ಕೆ ಸೇರಿ ಅದು ಅವನ ಮೊದಲ ದಿನ. ಹೋದ ದೀಪಾವಳಿಯವರೆಗೆ ಅವನು ಅರಸೀಕೆರೆಯಿಂದ ಹಳೇಬೀಡು, ಬೇಲೂರಿನ ಕಡೆಗೆ ಖಾಸಗಿ ಬಸ್ಸು ಓಡಿಸುತ್ತಿದ್ದ. ಮಾಲೀಕರು ಬಸ್ಸು ಮಾರಿಬಿಟ್ಟರು. ಸ್ಟಿಯರಿಂಗ್ ಹಿಡಿಯುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಚನ್ನೇಶ ಕೆಲವು ತಿಂಗಳು ಮನೆಯಲ್ಲಿ ಕೂತಿದ್ದು, ಕೊನೆಗೆ ಹೆಂಡತಿಯ ಮುಖ ನೋಡಲಾಗದೆ ಈ ನೀಲಿ ಟೀಶರ್ಟು ತೊಟ್ಟಿದ್ದ. ಬಸ್ಸಿನಲ್ಲಿದ್ದಾಗ ಜನ ತಾವಾಗಿ ಬಂದು ರಸ್ತೆ ಬದಿಯಲ್ಲಿ ಕೈ ಎತ್ತಿ ನಿಲ್ಲುತ್ತಿದ್ದರು. ಈಗ ಇವನೇ ಅವರನ್ನು ಹುಡುಕಿಕೊಂಡು ಅಲೆಯಬೇಕು. ಬೆಳಿಗ್ಗೆ ಒಬ್ಬ ತಾನು ತರಿಸಿದ್ದ ಶರ್ಟು ತೊಟ್ಟು, ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ, "ಯಾಕೋ ಬಿಗಿ ಆಯ್ತು, ವಾಪಸ್ ತಗೊಂಡೋಗಿ" ಎಂದಿದ್ದ. ಇನ್ನೊಬ್ಬಾಕೆ ಮಾಲೇಕಲ್ಲು ಬೆಟ್ಟ ಹತ್ತುತ್ತಿದ್ದಳಂತೆ. ತಾನು ಇಳಿದು ಬರುವವರೆಗೆ ಮನೆ ಮುಂದೆಯೇ ಇರಿ ಎಂದು ಏದುಸಿರು ಬಿಡುತ್ತ ಫೋನಿನಲ್ಲಿ ಅಪ್ಪಣೆ ಮಾಡಿದ್ದಳು.

ಮತ್ತೆ ಫೋನು. ಗೋದಾಮಿನಿಂದ ದೀಪಕ್. ವಯಸ್ಸಿನಲ್ಲಿ ಮಗನಂಥವನು, ಕೆಲಸದಲ್ಲಿ ಮೇಲಿನವನು.

"ಸರ್, ಹಾರನಹಳ್ಳಿದು ಇನ್ನೂ ಪೆಂಡಿಂಗ್ ತೋರಿಸ್ತಿದೆ?"

"ಅದೊಂದನ್ನ ಬ್ಯಾರೆ ಯಾರಿಗಾದ್ರೂ ಕೊಡಪ್ಪ. ಬೆಳಿಗ್ಗೇನೇ ಹೇಳ್ದೆ ನಿಂಗೆ."

"ಯಾಕ್ ಸರ್, ಅಡ್ರೆಸ್ ಸಿಗ್ತಿಲ್ವಾ?"

ಅಡ್ರೆಸ್ ಸಿಗದೆ ಏನು. ಪೆಟ್ಟಿಗೆಯ ಮೇಲೆ 'ಶಿವಗಂಗಮ್ಮ, ಸೋಮೇಶ್ವರ ದೇವಸ್ಥಾನದ ಹಿಂದೆ' ಎಂದಿತ್ತು. ಶಿವಗಂಗಮ್ಮ ಅವನ ಒಡಹುಟ್ಟಿದ ಅಕ್ಕ. ಕಣ್ಣು ಮುಚ್ಚಿಕೊಂಡು ಹೋಗಬಹುದಾದ ಮನೆಗೆ ಅವನು ಮ್ಯಾಪು ಹಾಕಿಕೊಂಡು ಹೊರಟಿದ್ದ, ಅದಾದರೂ ದಾರಿ ತಪ್ಪಿಸಲಿ ಎಂದು.

ಅಕ್ಕ ತಮ್ಮನಿಗೆ ಮಾತು ನಿಂತು ಮೂರು ವರ್ಷವಾಗಿತ್ತು. ಅಕ್ಕನ ಮಗಳು ಅಕ್ಷತಾಳ ಮದುವೆಯ ದಿನ ಮಾಲೀಕರು ರಜೆ ಕೊಡಲಿಲ್ಲ. ಬಸ್ಸನ್ನು ಇನ್ಯಾರದೋ ಮದುವೆಗೆ ಬಾಡಿಗೆಗೆ ಒಪ್ಪಿಕೊಂಡಿದ್ದರು. ಸೋದರಮಾವನಾಗಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಅರೇಹಳ್ಳಿಯ ಛತ್ರದ ಮುಂದೆ ಬಸ್ಸು ನಿಲ್ಲಿಸಿಕೊಂಡು, ಗುರುತಿಲ್ಲದವರ ಪಂಕ್ತಿಯಲ್ಲಿ ಕೂತು ಮದುವೆಯೂಟ ಉಂಡಿದ್ದ. ಯಾರು ಹೇಳಿದರೋ, ಅಕ್ಕನಿಗೆ ಇವನು ಬಾರದಿದ್ದುದಕ್ಕಿಂತ ಅಲ್ಲಿ ಉಂಡದ್ದೇ ಹೆಚ್ಚು ಉರಿಯಿತು. "ಹಸಿದಿದ್ದೆ, ಉಂಡೆ, ಏನೀಗ?" ಎಂದು ಇವನೂ ಕೂಗಾಡಿದ್ದ.

"ಕೊಡ್ತೀನಿ ಇಡಪ್ಪ," ಎಂದು ದೀಪಕನಿಗೆ ಹೇಳಿ ವ್ಯಾನು ತಿರುಗಿಸಿದ.

ಹಾರನ್ ಕೇಳಿ, ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಶಿವಗಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನೀಲಿ ಟೀಶರ್ಟಿನ ಮೇಲಿದ್ದ ಮುಖ ನೋಡಿ ಅಲ್ಲೇ ನಿಂತಳು. ಆಮೇಲೆ ಹಿಂದಕ್ಕೆ ಹೋಗಿ ಹಸುವಿನ ಬೆನ್ನ ಮೇಲೆ ಕೈಯಿಟ್ಟಳು.

"ಗೌರಿ, ಯಾರೋ ಪಾರ್ಸಲ್ಲಿನೋರು ಬಂದವ್ರೆ. ಜಗಲಿ ಮ್ಯಾಲೆ ಇಟ್ಟೋಗಾಕೆ ಹೇಳು."

ಚನ್ನೇಶನಿಗೆ ಬೆಳಗಿನಿಂದ ತಡೆದುಕೊಂಡದ್ದೆಲ್ಲ ನೆತ್ತಿಗೇರಿತು. ಅವನೂ ಹಸುವಿನ ಕಡೆಗೇ ತಿರುಗಿದ.

"ಗೌರವ್ವ, ಸುಮ್ಕೆ ಇಟ್ಟೋಗಾಕೆ ಬರಲ್ಲ ಅಂತ ನಿಮ್ಮ ಯಜಮಾನ್ತಿಗೆ ಹೇಳು. ಫೋನಿಗೆ ಓಟಿಪಿ ಬಂದಿರ್ತೈತೆ. ಆ ನಾಕು ನಂಬರ್ ಹೇಳಿದ್ರೇನೇ ಕೊಡಾದು."

ಶಿವಗಂಗಮ್ಮ ಒಳಗೆ ಹೋಗಿ ಫೋನು ತಂದಳು. ಅದನ್ನು ಕಣ್ಣಿನಿಂದ ದೂರ ಹಿಡಿದು, ಒಂದೊಂದೇ ಅಂಕಿಯನ್ನು ಹಸುವಿನ ಕಿವಿಗೆ ಬೀಳುವಂತೆ ಓದಿದಳು. ಚನ್ನೇಶ ತನ್ನ ಫೋನಿನಲ್ಲಿ ಒತ್ತಿದ. ಪರದೆ ಕೆಂಪಾಯಿತು.

"ತಪ್ಪಂತೆ ಗೌರವ್ವ."

"ನಾನು ಓದಿದ್ದು ಸರ್ಯಾಗೇ ಐತೆ ಗೌರಿ. ಒತ್ತಿದೋರಿಗೆ ಕಣ್ಣು ತೋರ್ಸ್ಕಳಾಕೆ ಹೇಳು."

ಅವಳು ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. ಇವನು ಇನ್ನೊಮ್ಮೆ ಒತ್ತಿದ. ಮತ್ತೆ ಕೆಂಪು. ಹಸು ಇಬ್ಬರನ್ನೂ ಬಿಟ್ಟು ಹುಲ್ಲಿಗೆ ಬಾಯಿ ಹಾಕಿತು.

"ಅಮ್ಮಾ, ಅದು ಗ್ಯಾಸಿನೋರು ಕಳ್ಸಿದ್ ನಂಬರು! ಕೆಳಗಡೆ ಮೆಸೇಜ್ ನೋಡು!" ಎಂದು ಒಳಗಿನಿಂದ ಅಕ್ಷತಾ ಕೂಗಿದಳು. ಆ ಕೂಗಿಗೆ ಎಚ್ಚರವಾಗಿರಬೇಕು, ಹಿಂದೆಯೇ ಎಳೆಮಗುವೊಂದು ಅಳತೊಡಗಿತು.

ಚನ್ನೇಶನ ಬೆರಳು ಫೋನಿನ ಮೇಲೆ ಹಾಗೇ ನಿಂತಿತು. ಬೆಳಿಗ್ಗೆಯಿಂದ ಹೆಸರು ಕಾಣದಿರಲೆಂದು ವ್ಯಾನಿನಲ್ಲಿ ಮಗುಚಿಟ್ಟಿದ್ದ ಪೆಟ್ಟಿಗೆಯ ಬದಿಯಲ್ಲಿ ಸಣ್ಣದೊಂದು ತೊಟ್ಟಿಲ ಚಿತ್ರವಿತ್ತು. ಅದನ್ನು ಅವನು ಈಗ ನೋಡಿದ.

"ಯಾವಾಗ?" ಎಂದ. ಹಸುವಿಗೆ ಹೇಳಲು ಮರೆತಿದ್ದ.

ಅಕ್ಕ ಮರೆಯಲಿಲ್ಲ. "ಅಮಾಸೆ ಮಾರ್ನೇ ದಿನ ಅಂತ ಹೇಳು ಗೌರಿ. ಹೆಣ್ಮಗು. ಕೇಳೋರಿಗೆ ಬೇಕಾಗಿದ್ರೆ."

ಯಾರೂ ಹೇಳಿರಲಿಲ್ಲ. ಅವನಿದ್ದ ಅರಸೀಕೆರೆ ಎಷ್ಟು ದೂರ? ಅವನಿಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೆಂದು ತಿಳಿಯಲಿಲ್ಲ. ಅವಳು ಕೆಳಗಿನ ನಂಬರು ಓದಿದಳು, ಇವನು ಒತ್ತಿದ, ಪರದೆ ಹಸಿರಾಯಿತು. ಅಲ್ಲಿಗೆ ಇವನ ಕೆಲಸ ಮುಗಿಯಿತು. ಫೋನನ್ನು ವ್ಯಾನಿನ ಸೀಟಿಗೆ ಹಾಕಿ, ಪೆಟ್ಟಿಗೆ ಇಳಿಸಿ ಜಗಲಿಗೆ ತಂದಿಟ್ಟ.

"ಗೌರಿ," ಎಂದಳು ಶಿವಗಂಗಮ್ಮ. "ಜೋಡ್ಸಿ ಕೊಡಾದೂ ಅವ್ರೇ ಅಂತೆ."

ಹಾಗೇನೂ ಇರಲಿಲ್ಲ. ಕೊಟ್ಟು ಹೊರಡುವುದಷ್ಟೇ ಇವನ ಪಾಲಿನದು. ವ್ಯಾನಿನ ಅರ್ಧ ಇನ್ನೂ ತುಂಬಿತ್ತು. ಸೀಟಿನ ಮೇಲೆ ಬಿಟ್ಟು ಬಂದಿದ್ದ ಫೋನು ಬಡಿದುಕೊಳ್ಳುತ್ತಿತ್ತು. ಚನ್ನೇಶ ವ್ಯಾನಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಚಪ್ಪಲಿ ಬಿಟ್ಟು, ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ.

ನಡುಮನೆಯ ನೆಲದ ಮೇಲೆ ಕಂಬಿಗಳು, ಕೊಕ್ಕೆಗಳು, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ರೂಗಳು ಹರಡಿಕೊಂಡವು. ಜೊತೆಗಿದ್ದ ಕಾಗದದಲ್ಲಿ ಬರೀ ಚಿತ್ರ, ಬಾಣದ ಗುರುತು. ಕಾಲು ಯಾವುದು ತೋಳು ಯಾವುದು ಎಂದು ತಿಳಿಯದೆ ಅವನು ಒಂದನ್ನು ಕೂರಿಸಿದರೆ ಇನ್ನೊಂದು ಕಳಚಿ ಬೀಳುತ್ತಿತ್ತು. ಸ್ಕ್ರೂವೊಂದು ಕೈ ತಪ್ಪಿ ಮಂಚದಡಿಗೆ ಉರುಳಿತು. ಮೊಣಕಾಲೂರಿ ಅದನ್ನು ಹುಡುಕುವಾಗ ಬೆಳಗಿನಿಂದ ಯಾರಿಗೂ ಬೈಯದೆ ಉಳಿಸಿಕೊಂಡಿದ್ದ ಬೈಗುಳವನ್ನೆಲ್ಲ ಆ ಸ್ಕ್ರೂವಿಗೆ ಬೈದ.

ಬಾಗಿಲಿಗೆ ಒರಗಿ ನೋಡುತ್ತಿದ್ದ ಶಿವಗಂಗಮ್ಮನಿಗೆ ತಡೆಯಲಾಗಲಿಲ್ಲ.

"ಗೌರಿ..." ಎಂದು ಶುರುಮಾಡಿದಳು. ಹಸು ಹೊರಗೆ ಕೊಟ್ಟಿಗೆಯ ಮುಂದಿತ್ತು. ನಡುಮನೆಯಲ್ಲಿ ಇದ್ದವರು ಅವರಿಬ್ಬರೇ.

"ಅಷ್ಟು ವರ್ಸ ಬಸ್ ಓಡ್ಸಿದೀಯ, ಒಂದು ಸ್ಕ್ರೂ ಹಾಕಾಕೆ ಬರಲ್ವೇನೋ ನಿಂಗೆ? ತೊಟ್ಲು ಕಾಲ್ನ ಉಲ್ಟಾ ಇಟ್ಕಂಡಿದೀಯಲ್ಲೋ!"

"ಹಂಗಾದ್ರೆ ನೀನೇ ಮಾಡಕ್ಕ! ಬೆಳಿಗ್ಗೆಯಿಂದ ಹೇಳೋರೇ ಎಲ್ಲಾ!"

"ಸುಮ್ನಿರೋ. ಕೊಡು ಇತ್ಲಾಗೆ."

ಅವಳು ಮಂಡಿ ನೋವಿಗೆ ನರಳುತ್ತ ಎದುರಿಗೆ ಕೂತಳು. ಕಂಬಿಯನ್ನು ಇತ್ತಲಿಂದ ಅತ್ತ ತಿರುಗಿಸಿ, ಎರಡೂ ಕೈಯಿಂದ ನೆಟ್ಟಗೆ ಹಿಡಿದಳು. ಒಳಕೋಣೆಯಲ್ಲಿ ಅಳು ನಿಂತಿತ್ತು. ಬಾಗಿಲ ಸಂದಿಯಿಂದ ಸಾಂಬ್ರಾಣಿ ಹೊಗೆ ತೆಳ್ಳಗೆ ಹೊರಬರುತ್ತಿತ್ತು. ಚನ್ನೇಶ ಬಗ್ಗಿ, ಕಣ್ಣು ಕಿರಿದು ಮಾಡಿ, ಸ್ಕ್ರೂವನ್ನು ತೂತಿಗೆ ಇಟ್ಟು, ಅದು ಹಿಡಿಯುವವರೆಗೆ ನಿಧಾನವಾಗಿ ತಿರುಗಿಸತೊಡಗಿದ.